ಇಪ್ಪತ್ತಮೂರು ತೆಂಗಿನಕಾಯಿ, ಒಂದು ಸ್ವರ

ಸಭೆಯಲ್ಲಿ ಮೈಕು ಹಿಡಿದು ನಿಲ್ಲುವ ಮನುಷ್ಯನಿಗೆ ಎರಡೇ ಭಯ. ಒಂದು, ಯಾರದಾದರೂ ಹೆಸರು ಬಿಟ್ಟುಹೋದೀತು ಎಂಬುದು. ಇನ್ನೊಂದು, ಮಾತಿನ ನಡುವೆ ಮೈಕು ಕುಂಯ್ ಎಂದು ಕೂಗೀತು ಎಂಬುದು. ರೋಗ, ಮುಪ್ಪು, ಸಾವುಗಳ ಸರದಿ ಇವುಗಳ ನಂತರ ಬರುತ್ತದೆ. ನಾನು ಗಡಿಯಾಚೆಯ ಸಂಖ ಎಂಬ ಊರಿನ ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದು ನಿವೃತ್ತನಾದವನು. ಇಪ್ಪತ್ತೆರಡು ವರ್ಷಗಳಿಂದ ನಮ್ಮ ಕಡೆಯ ಸಭೆ ಸಮಾರಂಭಗಳ ನಿರೂಪಣೆ ನನ್ನ ಪಾಲಿಗೆ ಬಂದಿದೆ. ಅತಿಥಿಗಳನ್ನು ಕನ್ನಡದಲ್ಲಿ ಸ್ವಾಗತಿಸಿ, ಅವರನ್ನೇ ಮರಾಠಿಯಲ್ಲಿ ಮತ್ತೊಮ್ಮೆ ಸ್ವಾಗತಿಸಿ, ಸ್ವಾಗತದಲ್ಲೇ ಅರ್ಧ ತಾಸು ಕಳೆಯಬಲ್ಲೆ. ಈ ಅವಧಿಯಲ್ಲಿ ನಾನು ಒಬ್ಬರ ಹೆಸರನ್ನೂ ಬಿಟ್ಟಿಲ್ಲ, ಒಂದು ಸಲವೂ ಮೈಕನ್ನು ಕೂಗಗೊಟ್ಟಿಲ್ಲ. ಇದು ನನ್ನ ಹೆಮ್ಮೆಯಾಗಿತ್ತು. ಈ ಹೆಮ್ಮೆಯಿಂದಲೇ ನಾನು ಒಬ್ಬ ದೊಡ್ಡ ಗಿಟಾರ್ ವಾದಕರ ಕೊನೆಯ ಕಚೇರಿಯನ್ನು ಹಾಳುಮಾಡಿದೆ. ಹೇಗೆ ಹಾಳುಮಾಡಿದೆ ಎಂಬುದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ನನ್ನ ಮೇಲೆ ಕರುಣೆ ಹುಟ್ಟುವಂತೆ ಎಲ್ಲಾದರೂ ಬರೆದಿದ್ದರೆ ಆ ವಾಕ್ಯವನ್ನು ನಂಬಬೇಡಿ. ಭಾಷಣ ಮಾಡುವವರ ಚಾಳಿ ಅದು.

ಅವರ ಹೆಸರು ದಸ್ತಗೀರ ನದಾಫ. ನಮ್ಮೂರಿನವರೇ. ಅವರ ತಂದೆ ಹತ್ತಿ ಹಿಂಜುವವರು. ಆಳೆತ್ತರದ ಬಿಲ್ಲನ್ನು ಹೆಗಲ ಮೇಲಿಟ್ಟುಕೊಂಡು ಊರೂರು ತಿರುಗಿ, ಹಳೆಯ ಗಾದಿಗಳ ಗಂಟುಗಟ್ಟಿದ ಹತ್ತಿಯನ್ನು ಹಿಂಜಿ ಹಗುರ ಮಾಡಿ ಕೊಡುತ್ತಿದ್ದರು. ಮಗ ಹದಿನೇಳನೆಯ ವಯಸ್ಸಿಗೆ ಮಿರಜಿಗೆ ಹೋಗಿ ಸಿತಾರು, ತಂಬೂರಿ ಮಾಡುವವರ ಅಂಗಡಿಯಲ್ಲಿ ಕೆಲಸಕ್ಕೆ ನಿಂತರು. ಯಾರೋ ಕುತ್ತಿಗೆ ಮುರಿದ ಗಿಟಾರೊಂದನ್ನು ದುರಸ್ತಿಗೆ ಕೊಟ್ಟು ಹೋದವರು ಮರಳಿ ಬರಲೇ ಇಲ್ಲ. ದುರಸ್ತಿ ಸರಿಯಾಗಿದೆಯೋ ಇಲ್ಲವೋ ನೋಡೋಣವೆಂದು ದಸ್ತಗೀರರು ಅದನ್ನು ಬಾರಿಸಿದರು. ಮುಂದೆ ನಲವತ್ತು ವರ್ಷ ಅದನ್ನೇ ನೋಡುತ್ತ ಬಂದರು. ಮಿರಜಿನಿಂದ ಪುಣೆ, ಪುಣೆಯಿಂದ ಮುಂಬೈ. ಅಲ್ಲಿ ಒಂದು ರಾಕ್ ತಂಡದ ಮುಖ್ಯ ಗಿಟಾರ್ ವಾದಕರಾದರು. ತಂಡದ ಉಳಿದವರಿಗೆಲ್ಲ ಬೆನ್ನಿನವರೆಗೆ ಕೂದಲು. ಇವರೊಬ್ಬರೇ ಕಿವಿಯ ಮೇಲೆ ಕತ್ತರಿಸಿದ ಕೂದಲು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಹಳೆಯ ಫೋಟೋಗಳಲ್ಲಿ ನೋಡಿದರೆ ತಂಡದವರಿಂದ ಕಂದಾಯ ವಸೂಲು ಮಾಡಲು ಬಂದ ತಲಾಠಿಯ ಹಾಗೆ ಕಾಣುತ್ತಾರೆ. ಆದರೆ ದೊಡ್ಡ ಊರುಗಳಲ್ಲಿ ಗಿಟಾರ್ ಕಲಿಯುವವರು ಇಂದಿಗೂ ಇವರ ಹಳೆಯ ವಿಡಿಯೋಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಾರಂತೆ. ಯಾವ ಬೆರಳು ಎಲ್ಲಿದೆ ಎಂದು ತಿಳಿಯುತ್ತದೆ, ಆ ನಾದ ಎಲ್ಲಿಂದ ಬರುತ್ತದೆ ಎಂದು ಮಾತ್ರ ತಿಳಿಯುವುದಿಲ್ಲವಂತೆ.

ಇಂಥವರು ಕಳೆದ ವರ್ಷ ಊರಿಗೆ ಮರಳಿ, ಅಕ್ಕನ ಮನೆಯಲ್ಲಿ ಉಳಿದರು. ಊರ ವಾಚನಾಲಯದ ಅಧ್ಯಕ್ಷ ಕಲ್ಲಪ್ಪಣ್ಣ ನನ್ನಲ್ಲಿಗೆ ಬಂದು, "ಮಾಸ್ತರ, ದಸ್ತಗೀರನ ಸತ್ಕಾರ ಇಟ್ಟೀವಿ. ಪರಿಚಯದ ಭಾಷಣ ನಿಮ್ದು. ಹತ್ತ ಮಂದಿ ಕಣ್ಣಾಗ ನೀರ ಬರಬೇಕು ನೋಡ್ರಿ" ಅಂದರು. ರಾಕ್ ಸಂಗೀತವೆಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದ ವಿಷಯದ ಮೇಲೆ ಮಾತನಾಡಲು ನಾನು ಹಿಂದೆ ಸರಿದವನಲ್ಲ. ಆದರೂ ಈ ಸಲ ಪ್ರಾಮಾಣಿಕನಾಗಿರೋಣವೆಂದು ಫೋನಿನಲ್ಲಿ ಅವರ ವಾದನ ಕೇಳತೊಡಗಿದೆ. ಮೊದಲ ದಿನ ಅಡುಗೆಮನೆಯಿಂದ ಹೆಂಡತಿ ಕೂಗಿ ಹೇಳಿದಳು: "ಏನ್ರೀ, ಗಿರಣಿ ಪಟ್ಟಾ ಹರದಂಗ ಸಪ್ಪಳಾತು. ಎದ್ದ ಹೋಗಿ ನೋಡ್ರಿ, ನಮ್ಮ ಜ್ವಾಳಾ ಅಲ್ಲೇ ಅದಾವ." ಎರಡನೆಯ ದಿನ ನನಗೂ ಗಿರಣಿಯೇ ನೆನಪಾಯಿತು. ನಾಲ್ಕನೆಯ ದಿನ ಒಂದು ಸಂಗತಿ ಗಮನಕ್ಕೆ ಬಂತು: ಈ ಮನುಷ್ಯ ಬಹಳ ಹೊತ್ತು ಏನನ್ನೂ ಬಾರಿಸುವುದಿಲ್ಲ. ಉಳಿದವರು ಡ್ರಮ್ಮು ಬಡಿದು, ಕೂಗಿ, ಬೆವರು ಸುರಿಸುತ್ತಿರುತ್ತಾರೆ. ಇವರು ಸುಮ್ಮನೆ ನಿಂತಿರುತ್ತಾರೆ. ಆಮೇಲೆ ನಾಲ್ಕೇ ನಾಲ್ಕು ಸ್ವರ. ಮತ್ತೆ ಮೌನ. ಆ ನಾಲ್ಕು ಸ್ವರಗಳ ನಂತರ ಉಳಿದವರ ಗದ್ದಲಕ್ಕೆ ಏನೋ ಒಂದು ಅರ್ಥ ಬಂದ ಹಾಗೆ ಆಗುತ್ತದೆ. ನಾನು ಇಪ್ಪತ್ತೆರಡು ವರ್ಷ ಮಾಡಿದ್ದು ಇದರ ತದ್ವಿರುದ್ಧ ಎಂಬ ವಿಚಾರ ಆಗ ಒಂದು ಕ್ಷಣ ಹಾದುಹೋಯಿತು. ಒಂದೇ ಕ್ಷಣ.

ಎರಡು ವಾರಗಳ ನಂತರ ನಾನು ಅವರ ಒಂದು ಹಾಡಿನ ಕೊನೆಯ ಸ್ವರಕ್ಕೆ ಬಂದೆ. ಅವರ ಹೆಸರು ನಿಂತಿರುವುದೇ ಅದರ ಮೇಲೆ. ಹಾಡಿನ ಕೊನೆಗೆ ಅವರು ಜನರಿಗೆ ಬೆನ್ನು ತಿರುಗಿಸಿ, ತಮ್ಮ ಗಿಟಾರಿನ ದನಿ ಹೊರಡುವ ಪೆಟ್ಟಿಗೆಯ ಎದುರು ಹೋಗಿ ನಿಲ್ಲುತ್ತಾರೆ. ಒಂದು ಸ್ವರ ಬಾರಿಸಿ ಬೆರಳನ್ನು ಅಲ್ಲೇ ಒತ್ತಿ ಹಿಡಿಯುತ್ತಾರೆ. ಬೇರೆಯವರ ಸ್ವರ ಬಾರಿಸಿದ ಮೇಲೆ ಸಣ್ಣಗಾಗುತ್ತದೆ. ಇವರದು ಸಣ್ಣಗಾಗುವುದಿಲ್ಲ. ಮೊದಲು ಶಿಳ್ಳೆಯ ಹಾಗೆ ಕೇಳುತ್ತದೆ, ಕಿವಿಗೆ ಅಷ್ಟೇನೂ ಹಿತವಲ್ಲ. ಸುಮಾರು ಇಪ್ಪತ್ತನೆಯ ಸೆಕೆಂಡಿಗೆ ಆ ಶಿಳ್ಳೆಯೊಳಗಿನಿಂದ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಹೊರಗೆ ಬರುತ್ತದೆ, ತೀರ ಸ್ವಚ್ಛವಾಗಿ, ಯಾರೋ ಬಾಗಿಲು ತೆರೆದ ಹಾಗೆ. ಅದು ಅರ್ಧ ನಿಮಿಷ ನಿಲ್ಲುತ್ತದೆ. ನಾನು ಅದನ್ನು ಮೊದಲ ಸಲ ಕೇಳಿದಾಗ ಕೈಯಲ್ಲಿದ್ದ ಚಹಾ ತಣ್ಣಗಾಯಿತು. ಹೆಂಡತಿ ಬಾಗಿಲಲ್ಲಿ ಬಂದು ನಿಂತಿದ್ದಳು. "ಇದು ಗಿರಣಿ ಅಲ್ಲ ಬಿಡ್ರಿ" ಅಂದಳು. ನಾನು ಕೂಡಲೇ ಆ ಸ್ವರದ ಬಗ್ಗೆ ಒಂದೂವರೆ ಪುಟ ಬರೆದೆ.

ಕಾರ್ಯಕ್ರಮದ ದಿನ ಬೆಳಿಗ್ಗೆ ಭಾಷಣವನ್ನು ಓದಿ ತೋರಿಸಲು ಅವರ ಮನೆಗೆ ಹೋದೆ. ಅಕ್ಕ ಹಸೀನಾಬಿ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು, ಸೂಜಿ ದಾರ ಹಿಡಿದು ಗಾದಿಗೆ ಟಾಕಿ ಹಾಕುತ್ತಿದ್ದರು. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಬೆಳೆಸಿದವರು ಅವರೇ. ಮೊಣಕಾಲು ನೋವಿನಿಂದ ಮುಂಬೈಗೆ ಒಮ್ಮೆಯೂ ಹೋದವರಲ್ಲ. ತಮ್ಮನೋ, ಊರಿಗೆ ಬಂದಾಗಲೆಲ್ಲ ಗಿಟಾರ್ ಇಲ್ಲದೆ ಎರಡು ದಿನದ ಮಟ್ಟಿಗೆ ಬಂದು ಹೋದವರು. ಹೀಗಾಗಿ ಅಕ್ಕ ತಮ್ಮನ ವಾದನವನ್ನು ಎದುರಿಗೆ ಕುಳಿತು ಕೇಳಿರಲೇ ಇಲ್ಲ. "ಫೋನಿನ್ಯಾಗ ಕೇಳೀರಲ್ಲ?" ಎಂದು ಕೇಳಿದೆ. "ಫೋನಿನ್ಯಾಗ ಎಲ್ಲಾರ್ದೂ ಒಂದ ದನಿ ರೀ ಮಾಸ್ತರ. ನಮ್ಮ ತಮ್ಮಂದೂ ಅಷ್ಟ, ಔಷಧದ ಜಾಹೀರಾತಿಂದೂ ಅಷ್ಟ" ಅಂದರು.

ಭಾಷಣದಲ್ಲಿ ನನಗೆ ಬಹಳ ಇಷ್ಟವಾದ ಭಾಗವೊಂದಿತ್ತು. ತಂದೆಯ ಹಿಂಜುವ ಬಿಲ್ಲಿನ ಟಂಯ್ ಎಂಬ ನಾದವೇ ಮಗನ ಗಿಟಾರಿನಲ್ಲಿ ಮರುಹುಟ್ಟು ಪಡೆಯಿತು ಎಂದು ಬರೆದಿದ್ದೆ. ಅದನ್ನು ಓದಿ ಮುಗಿಸಿ ಮೆಚ್ಚುಗೆಗಾಗಿ ತಲೆಯೆತ್ತಿದೆ. ದಸ್ತಗೀರರು ಸಂಕೋಚದಿಂದ, "ಸರ, ಅಪ್ಪನ ಬಿಲ್ಲ ನಾ ಮುಟ್ಟಿಲ್ರಿ. ಹತ್ತಿ ಧೂಳಿಗೆ ನನಗ ಕೆಮ್ಮ ಬರ್ತಿತ್ತು. ಅಪ್ಪ ಹಿಂಜಾಕ ಕುಂತ್ರ ನಾ ಊರ ಬಿಟ್ಟ ಓಡತಿದ್ದೆ" ಅಂದರು. "ಬಿಲ್ಲ ಹೊಡದಾಕಿ ನಾನು" ಎಂದು ಹಸೀನಾಬಿ ಸೂಜಿಯಿಂದ ಕಣ್ಣು ತೆಗೆಯದೆ ಹೇಳಿದರು. ನಾನು ಆ ಭಾಗವನ್ನು ತೆಗೆಯಲಿಲ್ಲ. ಚೆನ್ನಾಗಿ ಬಂದಿತ್ತು.

ಆಮೇಲೆ ದಸ್ತಗೀರರು ತಮ್ಮ ಎಡಗೈಯನ್ನು ನನಗೆ ತೋರಿಸಿದರು. ಅಂಗೈಯಲ್ಲಿ, ಚರ್ಮದ ಕೆಳಗೆ, ಹಗ್ಗದ ಗಂಟಿನಂಥ ಗಂಟುಗಳು. ಉಂಗುರ ಬೆರಳು, ಕಿರುಬೆರಳು ಒಳಕ್ಕೆ ಮಡಚಿಕೊಂಡಿದ್ದವು. ತಂಡ ಬಿಟ್ಟದ್ದು ಇದೇ ಕಾರಣಕ್ಕೆ. ಬಿಸಿನೀರಿನಲ್ಲಿ ಅರ್ಧ ತಾಸು ಇಟ್ಟರೆ ಬೆರಳು ಸಡಿಲಾಗುತ್ತವೆ. ಅದೂ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆ. "ಹತ್ತ ಮಿನಿಟ ಕೈ ನನ್ನ ಮಾತ ಕೇಳ್ತದ ಸರ. ಆಮ್ಯಾಲ ಅದರ ಮಾತ ನಾ ಕೇಳಬೇಕಾಗ್ತದ" ಅಂದರು. ನಂತರ ಅಕ್ಕನ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದರು. "ಇನ್ನೊಂದ ತಿಂಗಳಿಗೆ ಅದೂ ಇಲ್ಲ. ಆಪಾ ಒಂದ ಸಲ ಕೇಳಲಿ ಅಂತ ಒಪ್ಪಕೊಂಡೀನಿ. ಸತ್ಕಾರ ಏನ ಮಾಡ್ತೀರಿ ಆಮ್ಯಾಲ ಮಾಡ್ರಿ. ಮೂರಕ್ಕ ಬರ್ತೀನಿ, ಬಂದಕೂಡಲೇ ಬಾರಿಸಿ ಬಿಡ್ತೀನಿ." ನಾನು ಎದೆಯ ಮೇಲೆ ಕೈಯಿಟ್ಟು, "ಆ ಹೊಣಿ ನಂದು" ಅಂದೆ. ಈ ಮಾತನ್ನು ಆಡಿದ್ದು ನಾನೇ ಎಂಬುದರಲ್ಲಿ ಸಂಶಯವಿಲ್ಲ.

ಅಲ್ಲಿಂದ ಇಬ್ಬರೂ ಸಮಾಜ ಮಂದಿರಕ್ಕೆ ಹೋದೆವು. ಅವರು ತಮ್ಮ ಪೆಟ್ಟಿಗೆಯನ್ನು ವೇದಿಕೆಯ ಮೇಲಿಟ್ಟು, ಗಿಟಾರ್ ಕೊರಳಿಗೆ ಹಾಕಿಕೊಂಡು, ಅರ್ಧ ಹೆಜ್ಜೆ ಮುಂದೆ, ಕಾಲು ಹೆಜ್ಜೆ ಹಿಂದೆ, ಹೀಗೆ ಏನನ್ನೋ ಹುಡುಕಿದರು. ಬಲಗೈಯಿಂದ ಮೆಲ್ಲಗೆ ತಂತಿ ಮೀಟಿ ಕಿವಿಗೊಟ್ಟರು. "ಸರ, ಖಡು ಅದ ಏನ್ರಿ?" ಎಂದು ಕೇಳಿದರು. ನಿವೃತ್ತನಾದರೂ ನನ್ನ ಕಿಸೆಯಲ್ಲಿ ಸೀಮೆಸುಣ್ಣದ ತುಂಡು ಇದ್ದೇ ಇರುತ್ತದೆ. ನೆಲದ ಮೇಲೆ ಗುರುತು ಹಾಕಿದರು. "ಸ್ವರ ನಾ ಬಾರಿಸೂದು ಒಂದ ಸಲ. ಆಮ್ಯಾಲ ಪೆಟಿಗಿ ಅದನ್ನ ತಂತಿಗೆ ಹೇಳ್ತದ, ತಂತಿ ಪೆಟಿಗಿಗೆ ಹೇಳ್ತದ. ಅವರಿಬ್ಬರದ ಮಾತು. ನಾ ನಡುವ ಸುಮ್ಮನ ನಿಂತಿರ್ತೀನಿ. ಆದ್ರ ನಿಂದ್ರೂ ಜಾಗಾ ತಪ್ಪಬಾರದು" ಅಂದರು. ಧ್ವನಿವರ್ಧಕದ ಮಾಳಪ್ಪ ಆಗ ವೈರು ತರಲು ಹೋಗಿದ್ದ. ಹೀಗೊಂದು ಸ್ವರ ಬರುತ್ತದೆ, ಅದು ಮೈಕಿನ ಕೂಗಲ್ಲ ಎಂದು ಅವನಿಗೆ ನಾನು ಹೇಳಬೇಕಾಗಿತ್ತು. ಹೆಸರುಗಳ ಯಾದಿ ಬರೆಯುವುದರಲ್ಲಿ ಮರೆತೆ.

ಮಾಳಪ್ಪನ ಬಗ್ಗೆ ಎರಡು ಮಾತು. ಕುರಿ ಕಾಯುವ ಮನೆತನದವನು. ಈಗಲೂ ಕುರಿಗಳಿವೆ, ಜೊತೆಗೆ ಸೌಂಡ್ ಸೆಟ್ಟು. ಅವನ ಸೆಟ್ಟು ಎಂದೂ ಕೂಗಿದ್ದಿಲ್ಲ. "ಕುರಿ ಮತ್ತ ಮೈಕ ಎರಡೂ ಒಂದ ರೀ ಮಾಸ್ತರ. ಒದರೂಕಿಂತ ಮೊದಲ ನಮಗ ಗೊತ್ತಾಗಬೇಕು" ಎನ್ನುತ್ತಾನೆ. ನನಗೂ ಅವನಿಗೂ ಕೈಸನ್ನೆಯ ಭಾಷೆಯೊಂದಿದೆ. ನಾನು ಹಸ್ತವನ್ನು ಮೇಲೆತ್ತಿ ಕೆಳಗೆ ಒತ್ತಿದರೆ ಸಾಕು, ಮರುಕ್ಷಣ ಅವನು ದನಿಯನ್ನು ಕಡಿಯುತ್ತಾನೆ. ಇಷ್ಟು ವರ್ಷ ನಾನೂ ಅವನೂ ಒಂದೇ ಮೈಯ ಎರಡು ಅಂಗಗಳಂತೆ ದುಡಿದಿದ್ದೇವೆ.

ದಸ್ತಗೀರರು ಹೇಳಿದಂತೆ ಸರಿಯಾಗಿ ಮೂರಕ್ಕೆ ಬಂದರು. ಎಡಗೈಯನ್ನು ಬಿಸಿ ಟವೆಲಿನಲ್ಲಿ ಸುತ್ತಿಕೊಂಡಿದ್ದರು. ಹಸೀನಾಬಿ ಮುಂದಿನ ಸಾಲಿನಲ್ಲಿ ಕುಳಿತರು. ನಾನು ಮೈಕಿನ ಕಡೆಗೆ ಹೋಗುವಾಗ ಕಲ್ಲಪ್ಪಣ್ಣ ನನ್ನ ಕೈಹಿಡಿದು, "ಮೊದಲ ಸತ್ಕಾರ. ಬಾರಿಸಿದ ಮ್ಯಾಲ ಮಂದಿ ನಿಂದರೂದಿಲ್ಲ. ಗುಡ್ಡಾಪುರದವರು ಬಂದಾರ, ಸೋನ್ಯಾಳದವರು ಬಂದಾರ, ಅವರ ಕೈಲೆ ಹಾರ ಹಾಕಿಸಬೇಕಿಲ್ಲ?" ಅಂದರು. ನಾನು ಬೆಳಗಿನ ಮಾತನ್ನು ಹೇಳಿದೆ. "ಎರಡ ಮಿನಿಟದ ಕೆಲಸ, ಮಾಸ್ತರ" ಅಂದರು. ನಮ್ಮ ಕಡೆ ಎರಡು ನಿಮಿಷವೆಂದರೆ ಎಷ್ಟು ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ.

ಮೂರು ಗಂಟೆ ಹನ್ನೆರಡು ನಿಮಿಷಕ್ಕೆ ಸತ್ಕಾರ ಆರಂಭವಾಯಿತು. ವಾಚನಾಲಯದ ಪರವಾಗಿ ಒಂದು ಶಾಲು, ಒಂದು ತೆಂಗಿನಕಾಯಿ, ತಲೆಗೆ ಒಂದು ಪಟಗ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಎರಡನೆಯ ಸಾಲಿನಲ್ಲಿ ಯುವಕ ಮಂಡಳಿಯವರು ಕುಳಿತಿದ್ದುದು ಕಂಡಿತು. ಅವರನ್ನು ಕರೆದೆ. ಅವರನ್ನು ಕರೆದರೆ ಭಜನಾ ಮಂಡಳಿಯವರನ್ನು ಬಿಡುವುದು ಹೇಗೆ? ಭಜನಾ ಮಂಡಳಿಯಲ್ಲಿ ಮೇಲೋಣಿಯದು, ಕೆಳಗೋಣಿಯದು ಎಂದು ಎರಡು ಬಣ. ಪ್ರತಿಯೊಬ್ಬರೂ ಬಂದು, ಕೈಗೆ ತೆಂಗಿನಕಾಯಿ ಕೊಟ್ಟು, ಕೊಟ್ಟ ಕಾಯಿಯನ್ನು ತಾವೂ ಅರ್ಧ ಹಿಡಿದುಕೊಂಡು, ಫೋಟೋದವನ ಕಡೆಗೆ ತಿರುಗಿ, ಅವನು "ಇನ್ನೊಂದ ರೀ" ಎಂದಾಗ ಇನ್ನೊಮ್ಮೆ ನಿಂತು, ಆಮೇಲೆ ದಸ್ತಗೀರರ ಎರಡೂ ಕೈಗಳನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು ಜಗ್ಗಿ ಜಗ್ಗಿ ಅಲುಗಿಸಿ ಇಳಿದರು. ನಮ್ಮ ಜನಕ್ಕೆ ಪ್ರೀತಿ ತೋರಿಸಲು ಬೇರೆ ದಾರಿ ಗೊತ್ತಿಲ್ಲ. ಟವೆಲನ್ನು ಯಾರೋ ಮೂರನೆಯ ಸತ್ಕಾರದ ಹೊತ್ತಿಗೇ ತೆಗೆದು ಪಕ್ಕಕ್ಕಿಟ್ಟಿದ್ದರು. ಎಂಟನೆಯ ಕಾಯಿಯ ಹೊತ್ತಿಗೆ ದಸ್ತಗೀರರು ನನ್ನತ್ತ ನೋಡಿದರು. ಹದಿಮೂರರ ಹೊತ್ತಿಗೆ ಮತ್ತೆ ನೋಡಿದರು. ನಾನು ಆ ನೋಟವನ್ನು ಕಂಡೆ. ಕಂಡೂ, ಕೈಯಲ್ಲಿದ್ದ ಯಾದಿಯನ್ನು ನೋಡಿದೆ. ಇನ್ನೂ ಹತ್ತು ಹೆಸರುಗಳಿದ್ದವು. ಒಟ್ಟು ಇಪ್ಪತ್ತಮೂರು ತೆಂಗಿನಕಾಯಿ. ಒಂದು ಹೆಸರೂ ಬಿಡಲಿಲ್ಲ. ಆಮೇಲೆ ನನ್ನ ಪರಿಚಯ ಭಾಷಣ. ಹಿಂಜುವ ಬಿಲ್ಲಿನ ಭಾಗಕ್ಕೆ ಚಪ್ಪಾಳೆ ಬಿತ್ತು. ಕಲ್ಲಪ್ಪಣ್ಣ ಕಣ್ಣೊರೆಸಿಕೊಂಡರು. ಮುಂದಿನ ಸಾಲಿನಲ್ಲಿ ಹಸೀನಾಬಿ ಮಾತ್ರ, ಬೇರೆ ಯಾರದೋ ಮನೆಯ ಸುದ್ದಿ ಕೇಳುವವರಂತೆ ಕುಳಿತಿದ್ದರು.

ಐದು ಗಂಟೆ ಹತ್ತು ನಿಮಿಷಕ್ಕೆ ದಸ್ತಗೀರರು ಗಿಟಾರ್ ಎತ್ತಿಕೊಂಡರು. ಬೆಳಿಗ್ಗೆ ಹಾಕಿದ ಗುರುತಿನ ಮೇಲೆ, ವೇದಿಕೆ ಸಿಂಗರಿಸಿದ ಮಂಟಪದವರು ಜಮಖಾನ ಹಾಸಿದ್ದರು. ಅವರು ಕಾಲಿನಿಂದ ಒಮ್ಮೆ ತಡವಿ ನೋಡಿ ಬಿಟ್ಟರು. ಎಡಗೈಯ ಬೆರಳುಗಳನ್ನು ಬಲಗೈಯಿಂದ ಒಂದೊಂದಾಗಿ ಬಿಡಿಸಿದರು. ಅವು ಮತ್ತೆ ಮಡಚಿಕೊಂಡವು. ಬಾರಿಸತೊಡಗಿದರು. ನಾನು ಫೋನಿನಲ್ಲಿ ಕೇಳಿದ್ದ, ಆ ಸ್ವರದಿಂದ ಮುಗಿಯುವ ಅದೇ ಹಾಡು. ಎರಡು ಕಡೆ ಸ್ವರ ತಪ್ಪಿತು. ಒಂದು ಕಡೆ ಬೆರಳು ತಂತಿಯ ಮೇಲೆ ಬೀಳಲೇ ಇಲ್ಲ, ಆ ಸ್ವರ ಇರಬೇಕಾದಲ್ಲಿ ಖಾಲಿ ಉಳಿಯಿತು. ನಾಲ್ಕು ನಿಮಿಷಕ್ಕೆ ಅವರು ನಡುವಿನ ಭಾಗವನ್ನು ಬಿಟ್ಟು ನೇರವಾಗಿ ಕೊನೆಗೆ ಬಂದರು. ಆ ಸ್ವರಕ್ಕೆ ಎರಡು ಬೆರಳು ಸಾಕು, ಅವೆರಡು ಇನ್ನೂ ಉಳಿದಿದ್ದವು. ಅವರು ಜನರಿಗೆ ಬೆನ್ನು ತಿರುಗಿಸಿ ಪೆಟ್ಟಿಗೆಯ ಎದುರು ನಿಂತರು. "ಅಧ್ಯಕ್ಷರಿಗೆ ಬೆನ್ನ ತೋರಸ್ತಾನಲ್ಲೋ" ಎಂದು ಹಿಂದೆ ಯಾರೋ ಅಂದರು. ಜಮಖಾನದ ಮೇಲೆ ಅರ್ಧ ಹೆಜ್ಜೆ ಮುಂದೆ, ಕಾಲು ಹೆಜ್ಜೆ ಹಿಂದೆ ಸರಿದರು. ಜಾಗ ಸಿಕ್ಕಿತು. ಅವರ ಬೆನ್ನು ಸಡಿಲಾದದ್ದನ್ನು ನಾನು ಕಂಡೆ. ಸ್ವರ ಬಾರಿಸಿದರು.

ಕುಂಯ್ ಎಂದಿತು.

ನನ್ನ ಕೈ ಮೇಲೆದ್ದಿತು. ಅದನ್ನು ನಾನು ಎತ್ತಿದೆ ಎನ್ನಲಾರೆ, ಎತ್ತಲಿಲ್ಲ ಎನ್ನಲೂ ಆರೆ. ಅದು ಏನೆಂದು ನನಗೆ ಗೊತ್ತಿತ್ತು. ಆ ಸ್ವರದ ಮೇಲೆ ಬರೆದ ಒಂದೂವರೆ ಪುಟ ಆಗ ನನ್ನ ಎಡಗಿಸೆಯಲ್ಲೇ ಇತ್ತು, ಕೆಲವೇ ನಿಮಿಷಗಳ ಮುಂಚೆ ಭಾವಪೂರ್ಣವಾಗಿ ಓದಿದ್ದೆ. ಆದರೆ ಶಿಳ್ಳೆ ನಿಲ್ಲದೆ ಹತ್ತು ಸೆಕೆಂಡು ಏರುತ್ತ ಹೋದಾಗ ಇಪ್ಪತ್ತೆರಡು ವರ್ಷದ ಅಭ್ಯಾಸದ ಕೈ ಮೇಲೆದ್ದು ಹಸ್ತ ಅಗಲಿಸಿ ಕೆಳಗೆ ಒತ್ತಿತು. ಮಾಳಪ್ಪ ಮೂಲೆಯಲ್ಲಿ ಅದಕ್ಕಾಗಿಯೇ ಕಾದಂತಿದ್ದ. ದನಿ ತಗ್ಗಿಸುವ ಗೋಜಿಗೇ ಹೋಗಲಿಲ್ಲ, ತನ್ನ ಬೋರ್ಡಿನ ಮುಖ್ಯ ಬಟನ್ನನ್ನೇ ಒತ್ತಿ ಬಂದ್ ಮಾಡಿದ. ದಸ್ತಗೀರರ ಪೆಟ್ಟಿಗೆಯ ವೈರೂ ಅದೇ ಬೋರ್ಡಿನಲ್ಲಿತ್ತು. ಒಬ್ಬರ ಫೋನಿನಲ್ಲಿ ಇದರ ವಿಡಿಯೋ ಇದೆ. ನಾನು ಅದನ್ನು ಅನೇಕ ಸಲ ನೋಡಿದ್ದೇನೆ. ಸ್ವರ ಹನ್ನೊಂದು ಸೆಕೆಂಡು ಇದೆ. ಹನ್ನೆರಡನೆಯದಕ್ಕೆ ಇಲ್ಲ.

ಜನ ಮುಗಿಯಿತೆಂದುಕೊಂಡು ಚಪ್ಪಾಳೆ ತಟ್ಟಿ ಎದ್ದರು. ದಸ್ತಗೀರರು ಪೆಟ್ಟಿಗೆಯ ಕಡೆಗೇ ನೋಡುತ್ತ ಇನ್ನೂ ನಿಂತಿದ್ದರು. ನಾನು ವೇದಿಕೆ ಹತ್ತಿ, "ಇನ್ನೊಮ್ಮೆ..." ಅಂದೆ. ಅವರು ಎಡಗೈಯನ್ನು ತೋರಿಸಿದರು. ಬೆರಳುಗಳೆಲ್ಲ ಗಿಟಾರಿನ ಕತ್ತನ್ನು ಹಿಡಿದ ಭಂಗಿಯಲ್ಲೇ ಮಡಚಿ ನಿಂತಿದ್ದವು, ಗಿಟಾರಿನಿಂದ ಅವನ್ನು ನಾನೇ ಬಿಡಿಸಬೇಕಾಯಿತು. ಕ್ಷಮೆ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಾಳಪ್ಪ ಬಂದು, "ಒದರಾಕ ಹತ್ತಿತ್ರಿ, ಸುರುವಿಗೇ ಹಿಡದ ಹಾಕಿದೆ. ಏನ್ ಮಾಸ್ತರ?" ಎಂದು ನನ್ನ ಹೆಗಲು ತಟ್ಟಿದ. ಕಲ್ಲಪ್ಪಣ್ಣ ಕೆಳಗಿನಿಂದಲೇ, "ಭಾಳ ಚಲೋ ಆತ್ರಿ ಕಾರ್ಯಕ್ರಮ. ಒಬ್ಬರ ಹೆಸರೂ ಬಿಡಲಿಲ್ಲ ನೋಡ್ರಿ ನೀವು" ಎಂದು ಕೂಗಿ ಹೇಳಿದರು.

ಕೆಳಗೆ ಚಹಾ ನಡೆದಿತ್ತು. ಹಸೀನಾಬಿ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ದಸ್ತಗೀರರು ಅವರ ಬಳಿಗೆ ಹೋದರು, ನಾನೂ ಹಿಂದೆ ಹೋದೆ. ಹಸೀನಾಬಿ ನನ್ನನ್ನೇ ಕೇಳಿದರು: "ಮಾಸ್ತರ, ಕಡೀಕ ಒಂದ ದನಿ ಬಂತಲ್ರಿ. ಮೊದಲ ಕಿವ್ಯಾಗ ಚುಚ್ಚಿದಂಗಾತು. ಆಮ್ಯಾಲ ಅದು ಎಲ್ಲೋ ಹೊಂಟಿತ್ತು. ಅರ್ಧಕ್ಕ ಯಾಕ ನಿಂತಿತು?"

ಇಪ್ಪತ್ತೆರಡು ವರ್ಷಗಳ ಮಾತುಗಾರಿಕೆಯಲ್ಲಿ ಆ ಹೊತ್ತಿಗೆ ನನಗೆ ಒದಗಿದ್ದು ಒಂದೇ ವಾಕ್ಯ. "ಲೈಟ್ ಹೋತ್ರಿ, ಅಕ್ಕಾ."

ದಸ್ತಗೀರರು ನನ್ನ ಮುಖ ನೋಡಿದರು. ಅಲ್ಲಿ ಏನು ಕಂಡರೋ ತಿಳಿಯದು. ಅಕ್ಕನ ಕಡೆಗೆ ತಿರುಗಿ, "ಹೌದ, ಆಪಾ. ಲೈಟ ಹೋತು" ಅಂದರು.

ಹಸೀನಾಬಿ ಕುಳಿತಿದ್ದುದು ಸರಿಯಾಗಿ ಫ್ಯಾನಿನ ಕೆಳಗೆ. ಅದು ಭರದಿಂದ ತಿರುಗುತ್ತಿತ್ತು. ಅದರ ಗಾಳಿಗೆ ತಲೆಯ ಮೇಲಿಂದ ಜಾರಿದ ಸೆರಗನ್ನು ಅವರು ಒಂದು ಕೈಯಿಂದ ಎಳೆದುಕೊಂಡರು, ಅದು ಮತ್ತೆ ಜಾರಿತು, ಮತ್ತೆ ಎಳೆದುಕೊಂಡು ಹಾಗೇ ಹಿಡಿದುಕೊಂಡರು. ತಮ್ಮನ ಮಡಚಿದ ಕೈಯನ್ನು ಇನ್ನೊಂದು ಕೈಯಲ್ಲಿ ತೆಗೆದುಕೊಂಡು ಮೆಲ್ಲಗೆ ತಿಕ್ಕುತ್ತ ಹೇಳಿದರು: "ಲೈಟಿನವರಿಗೆ ಹೇಳ್ರಿ ಮಾಸ್ತರ, ಹಿಂಗ ನಡುವ ತಗೀಬ್ಯಾಡ್ರಿ ಅಂತ."

ಹೇಳುತ್ತೇನೆ ಅಂದೆ. ಯಾರಿಗೆ ಹೇಳಬೇಕೆಂಬುದೂ ನನಗೆ ಗೊತ್ತಿದೆ. ಪ್ರತಿದಿನ ಕನ್ನಡಿಯ ಮುಂದೆ ನಿಂತು ಹೇಳುತ್ತಲೂ ಇದ್ದೇನೆ. ಆದರೆ ಆ ಮನುಷ್ಯ ಇಷ್ಟು ವರ್ಷ ಮಾತಾಡಿದ್ದೇ ಬಹಳ, ಕೇಳಿ ರೂಢಿಯಿಲ್ಲ.